ಪರದೆ ಹಿಂದಿನ ದನಿಯೂ ನನ್ನ ಟವೆಲ್ಲೂ

ಒಂಬತ್ತು ಸಾವಿರದ ಇನ್ನೂರು ರೂಪಾಯಿ. ಅಂಗಡಿಯವನು ಮೊದಲು ಕೇಳಿದ್ದು ಹನ್ನೊಂದೂವರೆ ಸಾವಿರ. ಚೌಕಾಸಿ ಮಾಡಿ ಇಳಿಸಿ ಗೋಕಾಕದಲ್ಲಿ ಇಪ್ಪತ್ತೊಂದು ಇಂಚಿನ ಬಣ್ಣದ ಟಿವಿ ಕೊಂಡೆ. ಚಿತ್ರಕ್ಕಾಗಿ ಕೊಂಡದ್ದಲ್ಲ. ಐದು ಸೆಟ್ಟುಗಳನ್ನು ಸಾಲಾಗಿ ಒಂದೇ ಚಾನೆಲ್ಲಿಗೆ ಹಚ್ಚಿಸಿದೆ. ಅವುಗಳಿಗೆ ಬೆನ್ನು ಮಾಡಿ ನಿಂತೆ. ಒಂದೊಂದರದೇ ದನಿ ಏರಿಸಿ ಕೇಳಿದೆ. ನಾಲ್ಕನೆಯದರ ದನಿ ಎದೆಗೆ ತಾಗಿತು. ಅದನ್ನೇ ಕಟ್ಟಿಸಿದೆ.

ಅಂಗಡಿಯವನಿಗೆ ತಮಾಷೆ. "ಅಣ್ಣಾರ, ನೀವು ಟಿವಿ ತಗೊಳ್ಳಾಕ ಬಂದೀರೋ, ರೇಡಿಯೋ ತಗೊಳ್ಳಾಕ ಬಂದೀರೋ?"

"ನೋಡೂದನ್ನ ನನ್ನ ಹೇಣ್ತಿ ನೋಡ್ತಾಳ. ನಾ ಬರೇ ಕೇಳಾಂವ," ಅಂದೆ. "ಚಿತ್ರದ ರೊಕ್ಕಾ ಬಿಟ್ಟು ದನಿದಷ್ಟ ಹೇಳ್ರಿ." ಅಲ್ಲಿಂದಲೇ ಅವನ ರೇಟು ಇಳಿಯಲು ಶುರುವಾಯಿತು.

ಹೊಸ ಶತಮಾನ ಹುಟ್ಟಿ ಎರಡು ಮೂರು ವರ್ಷವಾಗಿತ್ತು. ಶನಿವಾರ ಸಂಜೆ ಕನ್ನಡ ಚಾನೆಲ್ಲೊಂದರಲ್ಲಿ ಮನೆವಾರ್ತೆಯ ಹೆಣ್ಣುಮಕ್ಕಳಿಗಾಗಿ ಒಂದು ಆಟ ಬರುತ್ತಿತ್ತು. ಪ್ರಶ್ನೆ ಕೇಳುವವನು, ನಗುವವನು, ಚಪ್ಪಾಳೆ ಹೊಡೆಸುವವನು ಮುಂದೆ ಕಾಣುತ್ತಿದ್ದ. ಅವನ ಬಗ್ಗೆ ನನಗೆ ಹೇಳುವಂಥದ್ದೇನೂ ಇಲ್ಲ. ನಾವು ಕಾಯುತ್ತಿದ್ದದ್ದು ಕಾಣದವನಿಗಾಗಿ. ಕೊನೆಯ ಸುತ್ತಿನಲ್ಲಿ ಎರಡು ಪರದೆ, ಒಂದು ಕೆಂಪು, ಒಂದು ಹಸಿರು. ಎರಡರ ಹಿಂದೆಯೂ ಒಂದೊಂದು ವಸ್ತು. ಒಂದು ಬೆಲೆಯುಳ್ಳದ್ದು, ಇನ್ನೊಂದು ಸುಮ್ಮನೆ ನಗೆಗೆ ಇಟ್ಟದ್ದು. ಆಗ ಎಲ್ಲಿಂದಲೋ ಒಂದು ಗಂಡುದನಿ ಬಂದು ಆ ವಸ್ತುಗಳ ಹೆಸರು ಹೇಳದೆ ಅವುಗಳ ವರ್ಣನೆ ಕೊಡುತ್ತಿತ್ತು. ಅದನ್ನು ಕೇಳಿ ಆಡುವವರು ಒಂದು ಪರದೆಯನ್ನು ಆರಿಸಬೇಕು. ಇಷ್ಟೇ ಆಟ.

ಆ ದನಿ ಎಂಥದ್ದೆಂದರೆ ಹೇಗೆ ಹೇಳಲಿ. ನಾನು ಸ್ಟೀಲ್ ಪಾತ್ರೆ ವ್ಯಾಪಾರಿ. ಗೋಕಾಕದಲ್ಲಿ ಸಣ್ಣ ಅಂಗಡಿ, ಸಂತೆಯ ದಿನಗಳಲ್ಲಿ ಟೆಂಪೋ ತುಂಬಿಕೊಂಡು ಮೂಡಲಗಿಗೂ ಹುಕ್ಕೇರಿಗೂ ಹೋಗುತ್ತಿದ್ದೆ. ಹದಿನಾರನೆಯ ವಯಸ್ಸಿನಿಂದ ಕೂಗಿ ಕೂಗಿ ಬದುಕಿದವನು. ವಸ್ತು ಮಾರಬೇಕೆಂದರೆ ದನಿ ಏರಿಸಬೇಕು ಎಂಬುದು ನನ್ನ ಒಂದೇ ವಿದ್ಯೆ. ಆ ಮನುಷ್ಯ ಎಂದೂ ದನಿ ಏರಿಸಲಿಲ್ಲ. ಒಮ್ಮೆ ರುಬ್ಬುವ ಯಂತ್ರದ ವರ್ಣನೆ ಕೊಟ್ಟ. ಅಕ್ಕಿ ನೆನೆದ ನೀರಿನ ಬಣ್ಣ ಹೇಳಿದ, ಕಲ್ಲು ತಿರುಗುವಾಗ ಪಾತ್ರೆಯ ಹೊರಮೈ ಎಷ್ಟು ಬೆಚ್ಚಗಾಗುತ್ತದೆ ಎಂದು ಹೇಳಿದ, ತೊಳೆಯುವಾಗ ಎರಡು ಆಳಿನ ಕೆಲಸ ಎಂದೂ ಹೇಳಿದ. ನಾನು ಅದೇ ಯಂತ್ರವನ್ನು ಹತ್ತಾರು ಮಾರಿದ್ದೆ. ಅಷ್ಟು ಚೆನ್ನಾಗಿ ಒಂದು ದಿನವೂ ಅದನ್ನು ನೋಡಿರಲಿಲ್ಲ.

ನಾನೊಬ್ಬನೇ ಅಲ್ಲ. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಮಗ್ಗದ ಕೆಲಸ ಮಾಡಿ ನಿವೃತ್ತರಾದ, ನಮ್ಮ ಓಣಿಯ ಕಾಕಾ ಒಬ್ಬರು ಶನಿವಾರ ತಪ್ಪದೆ ನಮ್ಮ ಮನೆಗೆ ಬರುತ್ತಿದ್ದರು. ಮಗ್ಗದ ಸದ್ದಿನಲ್ಲಿ ಅವರ ಕಿವಿ ಹೋಗಿತ್ತು. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿದುಕೊಳ್ಳುವುದು ಅವರಿಗೆ ಗಿರಣಿ ಕಲಿಸಿದ ಕಲೆ. ತುಟಿ ಕಾಣದಿದ್ದರೆ ಅವರಿಗೆ ಜಗತ್ತು ಮೂಕ. ಆದರೆ ತುಟಿಯೇ ಇಲ್ಲದ ಆ ದನಿ ಮಾತ್ರ ಅವರಿಗೆ ಕೇಳಿಸುತ್ತಿತ್ತು.

"ಕಾಕಾ, ಹೆಂಗ ಕೇಳಸ್ತೈತ್ರಿ ನಿಮಗ?" ಎಂದು ಅವರ ಎದುರಿಗೆ ಬಾಯಿ ತೆರೆದು ಕೇಳಿದ್ದೆ.

"ಗೊತ್ತಿಲ್ಲೋ. ಉಳದಾವ್ರದೆಲ್ಲಾ ಕಿವಿ ಬಾಗಿಲದಾಗ ನಿಂದರ್ತೈತಿ. ಅಂವಂದು ಒಳಗ ಬಂದು ಕುಂದರ್ತೈತಿ," ಅಂದರು. ಟಿವಿಯ ಪಕ್ಕದ ಗೋಡೆಗೆ ಅಂಗೈ ಹಚ್ಚಿಕೊಂಡು ಕೂರುತ್ತಿದ್ದರು. ಆ ಐದು ನಿಮಿಷ ಮುಗಿದರೆ ಎದ್ದು ಚಪ್ಪಲಿ ಮೆಟ್ಟುವುದೇ. ಚಹಾ ಕೂಡ ಕೇಳುತ್ತಿರಲಿಲ್ಲ.

ಮೂರನೆಯವಳು ನಮ್ಮಕ್ಕ. ಮೂಡಲಗಿಯಲ್ಲಿ ಜಂಪರು ಹೊಲಿಯುತ್ತಿದ್ದಳು. ಗಂಡ ತೀರಿಹೋದ ಮೇಲೆ ಕಾಲಲ್ಲಿ ತುಳಿಯುವ ಒಂದು ಮಿಷನ್ ಇಟ್ಟುಕೊಂಡು ಇಬ್ಬರು ಮಕ್ಕಳನ್ನು ಸಾಲೆ ಓದಿಸಿದಳು. ಶನಿವಾರ ಬಟ್ಟೆಯ ಗಂಟಿನ ಜೊತೆ ಬಸ್ಸು ಹತ್ತಿ ಗೋಕಾಕಕ್ಕೆ ಬಂದರೆ ಸಂಜೆ ಆ ದನಿ ಕೇಳಿಯೇ ಹೋಗುವಳು. ನಾನು ಆ ದನಿಯ ಜಾಣತನಕ್ಕೆ ಬೆರಗಾದರೆ ಅವಳು ಬೇರೆಯದಕ್ಕೆ. "ಅಂವ ಖರೆ ಹೇಳ್ತಾನ ನೋಡು. ಅದ ಚೆಂದ," ಅನ್ನುತ್ತಿದ್ದಳು. ನನಗೆ ನಗು ಬರುತ್ತಿತ್ತು. ವಸ್ತು ಹೊಗಳುವವನು ನಿಜ ಹೇಳುತ್ತಾನಂತೆ!

ನಾನು ಆ ದನಿಯನ್ನು ವ್ಯಾಪಾರಕ್ಕೂ ಹಚ್ಚಿ ನೋಡಿದೆ. ಹುಕ್ಕೇರಿ ಸಂತೆಯಲ್ಲಿ ಒಂದು ಕೊಡವನ್ನು ಎತ್ತಿ ಹಿಡಿದು, ದನಿ ತಗ್ಗಿಸಿ, ಪುಸ್ತಕದ ಕನ್ನಡದಲ್ಲಿ, "ಇದರ ಕಂಠ ಸಣ್ಣದು, ತುಂಬಿದಾಗ ಸೊಂಟದ ಮೇಲೆ ಒರಗುತ್ತದೆ" ಎಂದು ಶುರುಮಾಡಿದೆ. ಎದುರಿಗೆ ನಿಂತಿದ್ದ ಮುದುಕಿ ನನ್ನ ಹಣೆ ಮುಟ್ಟಿ ನೋಡಿದಳು. "ಯಾಕೋ ಯಪ್ಪಾ, ಮೈಯಾಗ ಆರಾಮಿಲ್ಲೇನು? ಎಷ್ಟಕ್ಕ ಕೊಡ್ತಿ ಅಷ್ಟ ಹೇಳು." ಸಂತೆಯೆಲ್ಲ ನಕ್ಕಿತು. ಕೊಡ ಮಾತ್ರ ಅವಳೇ ಒಯ್ದಳು.

ಆ ವರ್ಷ ಅಕ್ಕನ ಬಲಮೊಣಕಾಲು ಕೈಕೊಟ್ಟಿತು. ಗೋಕಾಕದ ಡಾಕ್ಟರರು ಫೋಟೋ ತೆಗೆಸಿ ನೋಡಿ, "ಮಿಷನ್ ತುಳಿಯೋದು ಬಿಡ್ರಿ, ಇಲ್ಲಾಂದ್ರ ನಡಿಯೋದೂ ಬಿಡಬೇಕಾಗ್ತೈತಿ," ಅಂದರು. ತುಳಿಯುವುದು ಬಿಟ್ಟರೆ ಅವಳ ಒಲೆ ಹೊತ್ತುವುದು ಹೇಗೆ? ಕರೆಂಟಿನ ಮಿಷನ್ ಕೊಡಿಸುತ್ತೇನೆ ಅಂದೆ. ಒಪ್ಪಲಿಲ್ಲ. "ನಿನ್ನ ಹೇಣ್ತಿ ಬಾಯಾಗ ನಾ ಮಾತಾಗೂದು ಬ್ಯಾಡ," ಅಂದಳು. ನನ್ನ ಹೆಂಡತಿ ಏನೂ ಅನ್ನುವವಳಲ್ಲ. ಆದರೆ ಅಕ್ಕನಿಗೆ ತವರಿನಿಂದ ಸೀರೆ ಕುಪ್ಪಸ ಸಾಕು, ಅನ್ನ ಬೇಡ. ಅದು ಅವಳ ಹಟ.

ಅದೇ ತಿಂಗಳು ಅವಳು ಯಾರಿಗೂ ಹೇಳದೆ ಆ ಆಟಕ್ಕೆ ಒಂದು ಕಾರ್ಡು ಬರೆದು ಹಾಕಿದ್ದಳು. ಗೆದ್ದವರಿಗೆ ಮಿಷನ್ನೂ ಸಿಗುತ್ತದೆ ಎಂದು ಹಿಂದೊಮ್ಮೆ ನೋಡಿದ್ದಳು. ಗೆದ್ದದ್ದಾದರೆ ಯಾರ ಹಂಗೂ ಇಲ್ಲವಲ್ಲ. ಮುಂದೆ ಮೂರು ತಿಂಗಳಿಗೆ, ಅವಳು ಕಾರ್ಡಿನಲ್ಲಿ ಕೊಟ್ಟಿದ್ದ ನನ್ನ ಅಂಗಡಿಯ ಫೋನು ರಿಂಗಾಯಿತು. ಬೆಂಗಳೂರಿಗೆ ಬರಬೇಕು, ಜೊತೆಗೆ ಇಬ್ಬರನ್ನು ಕರೆತರಬಹುದು. ಕಾಕಾ ತಾವಾಗಿಯೇ ಹೊಸ ಟೋಪಿ ಕೊಂಡರು.

ಇಲ್ಲಿ ನನ್ನ ತಲೆ ಓಡಿತು. ಓಡಬಾರದಿತ್ತು.

ಮೂಡಲಗಿಯ ದನದ ಪೇಟೆ ನೋಡಿದವರಿಗೆ ಗೊತ್ತು. ಅಲ್ಲಿ ದಲ್ಲಾಳಿ ಬಾಯಲ್ಲಿ ಹೇಳುವುದು ನೆರೆದ ಮಂದಿಗೆ. ನಿಜವಾದ ರೇಟು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮುಗಿಯುತ್ತದೆ. ಎತ್ತನ್ನು ಬಾಯಿ ತುಂಬ ಹೊಗಳಿದರೆ ಅದರ ಗೊರಸು ನೋಡಬೇಕು. ನಾನು ಆ ಪೇಟೆಯ ಅಂಚಿನಲ್ಲಿ ಪಾತ್ರೆ ಮಾರುತ್ತಲೇ ಬೆಳೆದವನು. ನನ್ನ ಲೆಕ್ಕ ಹೀಗಿತ್ತು: ಆ ದನಿಯವನು ಕಂಪನಿಯ ಸಂಬಳ ತಿನ್ನುವವನು. ಕಂಪನಿಗೆ ಬೆಲೆಯುಳ್ಳ ವಸ್ತು ತನ್ನ ಹತ್ತಿರವೇ ಉಳಿಯಬೇಕು. ಅಂದಮೇಲೆ ಅವನು ಕಂಪನಿಯ ದಲ್ಲಾಳಿ. ಇಷ್ಟು ದಿನ ನಾವು ಕೇಳಿ ಬೆರಗಾದದ್ದು ಒಬ್ಬ ದೊಡ್ಡ ದಲ್ಲಾಳಿಯ ಕೈಚಳಕಕ್ಕೆ.

ಹೊರಡುವ ಮುಂಚೆ ಅಕ್ಕನನ್ನು ಕೂರಿಸಿ ಹೇಳಿದೆ. "ನಾ ಮುಂದಿನ ಸಾಲಿನ್ಯಾಗ ಕುಂತಿರ್ತೇನಿ. ಹೆಗಲ ಮ್ಯಾಲ ಟವೆಲ್ ಇದ್ರ, ಅಂವ ಎದಕ್ಕ ಎಳೀತಾನ ಅದನ್ನ ತಗೋ. ನಾ ಟವೆಲ್ ಎಳದು ತೊಡಿ ಮ್ಯಾಲ ಹಾಕ್ಕೊಂಡೆ ಅಂದ್ರ, ಅಂವಂದು ಬಿಟ್ಟು ಇನ್ನೊಂದು."

"ಅಂವ ಖರೆ ಹೇಳ್ತಾನಲೋ," ಅಂದಳು ಅಕ್ಕ.

"ಖರೆ ಹೇಳಾಕ ಅಂವ ನಿನ್ನ ಬಳಗದಾಂವ ಏನು?"

ಕಾಕಾ ನಮ್ಮ ತುಟಿಗಳನ್ನೇ ನೋಡುತ್ತಿದ್ದರು. "ಲೇ, ನಿನಗ ಸಂತಿ ಬಿಟ್ರ ಬ್ಯಾರೆ ಊರ ಗೊತ್ತಿಲ್ಲ," ಅಂದರು. ನಾನು ಕೇಳಲಿಲ್ಲ. ಅಕ್ಕ ಕೊನೆಗೆ, "ಆತು, ನೀ ಹೇಳಿದಂಗ," ಅಂದಳು. ಹೇಳಿದ ಮೇಲೆ ಮಾತು ತಿರುಗಿಸುವವಳಲ್ಲ.

ಸ್ಟುಡಿಯೋ ಅಂದರೆ ಟಿವಿಯಲ್ಲಿ ಕಂಡಷ್ಟು ದೊಡ್ಡದಲ್ಲ. ಹುಕ್ಕೇರಿಯ ಮದುವೆ ಕಾರ್ಯಾಲಯದಷ್ಟು ಇದ್ದೀತು. ದೀಪದ ಝಳ ಮಾತ್ರ ಒಲೆಯ ಮುಂದೆ ಕೂತಂತೆ. ಅಕ್ಕ ಮೊದಲ ಸುತ್ತುಗಳನ್ನು ಸರಾಗವಾಗಿ ದಾಟಿದಳು. ಅಳತೆ, ಬಣ್ಣ, ಎಷ್ಟು ಮೀಟರಿಗೆ ಎಷ್ಟು, ಅವಳಿಗೆ ಅದೆಲ್ಲ ದಿನದ ಮಾತು. ಕೊನೆಯ ಸುತ್ತು ಬಂತು. ಎರಡು ಪರದೆ ಇಳಿದವು. ನನ್ನ ಪಕ್ಕದಲ್ಲಿ ಕಾಕಾ ಕುರ್ಚಿಯ ಕೈಯನ್ನು ಗಟ್ಟಿ ಹಿಡಿದರು.

ದನಿ ಬಂತು.

ನಾಲ್ಕನೆಯ ನಂಬರಿನ ಟಿವಿ ಅದರ ಅರ್ಧವನ್ನೂ ಕೊಟ್ಟಿರಲಿಲ್ಲ ಎಂದು ಆಗ ತಿಳಿಯಿತು. ನೆಲದಿಂದ ಬಂದಂತೆ, ನಮ್ಮ ಕುರ್ಚಿಗಳ ಕೆಳಗಿನಿಂದ ಎದ್ದು ಬಂದಂತೆ ಇತ್ತು.

"ಕೆಂಪು ಪರದೆಯ ಹಿಂದೆ ಇರುವುದು ಕೆಲಸಗಾರ. ಬಲಗಡೆಯ ಚಕ್ರದ ಕೆಳಗೆ ಅಂಗೈಯಗಲದ ಒಂದು ಗಂಟಿದೆ. ಇದರ ದುಡಿಮೆಯೆಲ್ಲ ಆ ಗಂಟಿನದು. ಎರಡು ತಿರುಪಿನಿಂದ ಅದನ್ನು ಬಿಗಿದಿದ್ದಾರೆ, ಬೇಕಾದರೆ ಬಿಚ್ಚಿ ತೆಗೆಯಬಹುದು. ಕಾಲಿಗೆ ತುಳಿತವಿಲ್ಲ, ಹೆಬ್ಬೆರಳು ಊರಿದರೆ ಸಾಕು. ವಿದ್ಯುತ್ ಹೋದರೆ ಮಾತ್ರ ಕೈಯಲ್ಲಿ ತಿರುಗಿಸಬೇಕು..."

ಅಷ್ಟರಲ್ಲಿ ನನ್ನ ಕೈ ಟವೆಲ್ಲಿಗೆ ಹೋಗಿತ್ತು. ತಾನು ದರ್ಜಿ ಎಂದು ಅಕ್ಕ ಕಾರ್ಡಿನಲ್ಲೇ ಬರೆದಿದ್ದಾಳೆ. ಅವಳ ಉಡಿಗೆ ಹಾಕಿದಂತೆ ಮಿಷನ್ನಿನ ವರ್ಣನೆ ಕೊಡುತ್ತಿದ್ದಾನೆ. ಒಳ್ಳೆಯ ಮಾಲನ್ನು ಯಾರು ಹೀಗೆ ಉಡಿಗೆ ಹಾಕುತ್ತಾರೆ? ಪರದೆಯ ಹಿಂದೆ ಇರುವುದು ಮಕ್ಕಳ ಆಟಿಕೆಯ ಮಿಷನ್ನೇ ಇರಬೇಕು. ಹೇಳಿದ್ದೆಲ್ಲ ನಿಜ, ಒಂದೂ ಉಪಯೋಗವಿಲ್ಲ! ಅವನ ಕೈಚಳಕವನ್ನು ಹಿಡಿದೆನೆಂಬ ಖುಷಿಯಲ್ಲಿ ಟವೆಲ್ ಎಳೆದು ತೊಡೆಯ ಮೇಲೆ ಹಾಕಿಕೊಂಡೆ.

"...ಇದನ್ನು ಎತ್ತಲು ಎರಡೂ ಕೈ ಬೇಕು," ಎಂದು ದನಿ ಆ ಮಾತನ್ನು ಮುಗಿಸಿತು. ನನ್ನ ಕಿವಿಯ ಮೇಲೆ ಬಿತ್ತು, ಒಳಗೆ ಹೋಗಲಿಲ್ಲ.

ಹಸಿರು ಪರದೆಯ ಬಗ್ಗೆ ಅದು ಹೇಳಿದ್ದು ಇಷ್ಟೇ: "ಇದು ಕಣ್ಣಿಗೆ ಚೆಂದ. ಮನೆಗೆ ಬಂದವರು ಮೊದಲು ನೋಡುವುದು ಇದನ್ನೇ. ಇದರ ಪರಿಮಳ ಒಂದು ವಾರ ಇರುತ್ತದೆ. ಎಂಟನೆಯ ದಿನದ ಬಗ್ಗೆ ನಾನು ಏನೂ ಹೇಳಲಾರೆ."

ಅಕ್ಕ ನನ್ನ ಕಡೆ ನೋಡಿದಳು. ಅವಳ ಕಣ್ಣು ಕೆಂಪು ಪರದೆಗೆ ಹೋಯಿತು, ಮತ್ತೆ ನನ್ನ ತೊಡೆಯ ಮೇಲಿನ ಟವೆಲ್ಲಿಗೆ ಬಂತು. ಕಾಕಾ ನನ್ನ ಮೊಣಕೈ ಹಿಂಡಿ, "ಹಾಕ್ಕೋಳೋ ಅದನ್ನ ಹೆಗಲ ಮ್ಯಾಲ!" ಅಂದರು. ಕಿವಿ ಕೇಳದವರ ಪಿಸುಮಾತು ಸಭೆಗೆಲ್ಲ ಕೇಳಿಸಿತು. ನಾನು ಅಲುಗಲಿಲ್ಲ.

"ಹಸರ ಪರದಿರಿ," ಅಂದಳು ಅಕ್ಕ.

ಹಸಿರು ಪರದೆ ಸರಿಯಿತು. ಒಂದು ದೊಡ್ಡ ಬುಟ್ಟಿ. ಬುಟ್ಟಿ ತುಂಬ ಬಣ್ಣದ ಕಾಗದದ ಹೂವು, ಊದುಬತ್ತಿಯ ಪೊಟ್ಟಣ, ಗಂಧದ ಸಾಬೂನು. ಆಮೇಲೆ ಕೆಂಪು ಪರದೆ ಸರಿಯಿತು. ಕರಿ ಕಬ್ಬಿಣದ ಮೈಯ ಹೊಲಿಗೆ ಮಿಷನ್, ಬಲಕ್ಕೆ ಮೋಟಾರು, ಕೆಳಗೆ ಒತ್ತುವ ಪೆಡಲ್. ಎತ್ತಲು ಎರಡೂ ಕೈ ಬೇಕಾಗುವಂಥದ್ದು.

ಸಭೆ ಚಪ್ಪಾಳೆ ತಟ್ಟಿತು. ಅದು ಅವರ ಕೆಲಸ. ಅಕ್ಕ ನಕ್ಕಳು. ಆ ನಗುವನ್ನು ನಾನು ಈಗಲೂ ಪೂರ್ತಿ ನೆನೆಯಲಾರೆ.

ದೀಪಗಳು ಆರಿದ ಮೇಲೆ ನಾನು ಮೋರೆ ತೋರಿಸಲಾಗದೆ ಕುರ್ಚಿಯಲ್ಲೇ ಕೂತೆ. ಅಕ್ಕ ನನ್ನ ಹತ್ತಿರ ಬರಲಿಲ್ಲ. ಕುಂಟುತ್ತ ಸೀದಾ ಆ ಮಿಷನ್ನಿನ ಹತ್ತಿರ ಹೋದಳು. ಅಲ್ಲಿ ಒಬ್ಬ ಮನುಷ್ಯ ಕಾಗದ ಹಿಡಿದುಕೊಂಡು ನಿಂತಿದ್ದ. ಕುಳ್ಳ, ಸಣಕಲು, ಕೊರಳಿಗೆ ಮಫ್ಲರು, ಕಾಲಲ್ಲಿ ಹವಾಯಿ ಚಪ್ಪಲಿ. ಯಾರೋ ಲೈನ್‌ಮನ್ ಇರಬೇಕು ಅಂದುಕೊಂಡೆ.

"ತಾಯಿ, ನನ್ನ ವರ್ಣನೆ ಸ್ಪಷ್ಟವಾಗಿರಲಿಲ್ಲವೇ?" ಅಂದ.

ಕಾಕಾ ನಿಂತಲ್ಲಿಯೇ ಕೈಮುಗಿದರು. ಆ ದನಿ ಆ ಸಣಕಲು ಎದೆಯೊಳಗಿನಿಂದ ಬರುತ್ತಿತ್ತು.

"ಸ್ಪಷ್ಟ ಇತ್ರಿ," ಅಂದಳು ಅಕ್ಕ. "ಮೊದಲನೇ ಮಾತಿಗೇ ತಿಳೀತು. ನಮ್ಮ ತಮ್ಮಗ ಒಬ್ಬಂವಗ ತಿಳೀಲಿಲ್ಲ. ಅಂವಗ ಶಾಣ್ಯಾತನ ಜಾಸ್ತಿ ಆಗೇತ್ರಿ."

ನಾನು ಎದ್ದು ಹೋದೆ. ಬೇರೆ ದಾರಿ ಇರಲಿಲ್ಲ. "ತಪ್ಪಾತ್ರಿ. ನೀವು ಕಂಪನಿ ಕಡೆ ಮಾತಾಡಾಕತ್ತೀರಿ ಅಂತ ತಿಳಕೊಂಡೆ," ಅಂದೆ.

ಅವನಿಗೆ ಸಿಟ್ಟು ಬರಲಿಲ್ಲ. "ಪಗಾರ ಕೊಡುವುದು ಕಂಪನಿಯೇ" ಅಂದ, ಸಂಬಳಕ್ಕೆ ನಮ್ಮ ಕಡೆಯ ಶಬ್ದ ಬಳಸಿ, ನಮ್ಮ ಮನಸ್ಸು ಹಗುರ ಮಾಡಲೆಂದೇ ಇರಬೇಕು. "ಯಾವ ಪರದೆ ಆರಿಸಿದರೂ ನನ್ನ ಪಗಾರ ಅಷ್ಟೇ. ಹಾಗಾಗಿ ಕಂಡದ್ದನ್ನು ಹೇಳುತ್ತೇನೆ. ಮುಟ್ಟದೆ ಇರುವುದರ ಬಗ್ಗೆ ಮಾತ್ರ ನನಗೆ ಮಾತು ಬರುವುದಿಲ್ಲ." ಚಿತ್ರೀಕರಣದ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಪ್ರತಿಯೊಂದು ವಸ್ತುವನ್ನೂ ಬಳಸಿ ನೋಡುವನಂತೆ. ಜೇಬಿನಿಂದ ಒಂದು ಕರವಸ್ತ್ರ ತೆಗೆದು ತೋರಿಸಿದ. ಒಂದು ಅಂಚನ್ನು ಆ ಬೆಳಿಗ್ಗೆ ಅದೇ ಮಿಷನ್ನಿನಲ್ಲಿ ತಾನೇ ಹೊಲಿದಿದ್ದ. ಹೊಲಿಗೆ ಹಾವಿನ ಹಾಗೆ ಹೊರಳಿತ್ತು.

ಅಕ್ಕ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಮ್ಯಾಲಿನ ದಾರ ಸಡ್ಲ ಐತ್ರಿ. ಕೆಳಗ ದಾರದ ಗುಂಜ ಎದ್ದಾವು ನೋಡ್ರಿ." ದರ್ಜಿಗೆ ತಡೆಯಲಾಗಲಿಲ್ಲ.

"ಸರಿಮಾಡಿ ಕೊಡುತ್ತೀರಾ?" ಎಂದು ಕುರ್ಚಿ ಎಳೆದ.

ಅವಳು ಕೂತಳು. ದಾರದ ತಿರುಪನ್ನು ಒಂದು ಸುತ್ತು ಬಿಗಿದಳು. ಹಳೆಯ ಹೊಲಿಗೆ ಬಿಚ್ಚಿ, ಅಂಚು ಮಡಿಸಿ, ನೋಯುವ ಬಲಗಾಲಿನ ಹೆಬ್ಬೆರಳನ್ನು ಪೆಡಲ್ ಮೇಲೆ ಊರಿದಳು. ಮಿಷನ್ ಝುಮ್ಮೆಂದು ಓಡಿತು. ತಾನು ಕಳೆದುಕೊಂಡ ಮಿಷನ್ನಿನ ಮೇಲೆ ಅವಳು ಆ ಮನುಷ್ಯನ ಕರವಸ್ತ್ರದ ನಾಲ್ಕೂ ಅಂಚು ಹೊಲಿದಳು. ಅವನು ಕಣ್ಣು ಮುಚ್ಚಿ ಕೇಳುತ್ತ ನಿಂತಿದ್ದ.

"ಇದರ ಸದ್ದನ್ನು ಹೇಳುವುದನ್ನೇ ಮರೆತಿದ್ದೆ," ಅಂದ. "ಕೂತವರು ಬಲ್ಲವರಾದರೆ ಹೀಗೂ ಕೇಳುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ." ಅಷ್ಟು ದೊಡ್ಡ ದನಿಗಾರ ತನಗೆ ಗೊತ್ತಿರಲಿಲ್ಲ ಎಂದು ನಮ್ಮಕ್ಕನ ಮುಂದೆ ಹೇಳಿದ. ನಾನು ಸಾವಿರಾರು ಪಾತ್ರೆ ಮಾರಿದ್ದೇನೆ. ಒಂದರ ಬಗ್ಗೆಯೂ ಹಾಗೆ ಅಂದವನಲ್ಲ.

ವಾಪಸು ಬಸ್ಸಿನಲ್ಲಿ ಬಂದೆವು. ಧಾರವಾಡ ದಾಟಿದ ಮೇಲೆ ಅಕ್ಕನೇ ಮಾತು ತೆಗೆದಳು.

"ತಮ್ಮಾ, ಅಂವ ಎರಡು ತಿರುಪು ಅಂದ್ನಲ್ಲಾ?"

"ಯಾವ ತಿರುಪು?"

"ನೀ ಎಲ್ಲಿ ಕೇಳ್ತಿ. ಆ ಮೋಟಾರು ಮಿಷನ್ನಿಗಿ ಹುಟ್ಟಿ ಬಂದಿದ್ದಲ್ಲ, ಎರಡು ತಿರುಪಿನ್ಯಾಗ ಕುಂತೈತಿ. ಬಿಚ್ಚಿ ತಗೀಬಹುದು ಅಂತ ಅಂವ ಅಂದ. ಕುಂತಾಗ ನಾನೂ ಕೈಯಾಡಿಸಿ ನೋಡೇನಿ. ನನ್ನ ಹಳೇ ಮಿಷನ್ನಿನ ಮೈಯಾಗೂ ಅದ ಜಾಗಾದಾಗ ತೂತು ಅದಾವು. ಇಷ್ಟ ವರ್ಷ ಅವು ಯಾಕ ಅದಾವೋ ಅಂತಿದ್ದೆ."

ಅವಳಿಗೆ ಹೊಸ ಮಿಷನ್ ಬೇಕಿರಲಿಲ್ಲ. ಬೇಕಾದದ್ದು ಆ ಅಂಗೈಯಗಲದ ಗಂಟು. ಅವನು ಅದನ್ನು ಎಲ್ಲರ ಮುಂದೆ, ಅಕ್ಷರ ಅಕ್ಷರ ಬಿಡಿಸಿ ಹೇಳಿದ್ದ. ಪರದೆಯ ಹಿಂದಿನದನ್ನು ಕಳೆದುಕೊಂಡರೂ ಅವನ ಮಾತನ್ನು ಅಕ್ಕ ಕಟ್ಟಿಕೊಂಡು ತಂದಿದ್ದಳು.

ಮೋಟಾರನ್ನು ಹುಕ್ಕೇರಿಯಲ್ಲಿ ಒಬ್ಬ ಮಿಷನ್ ರಿಪೇರಿಯವನ ಹತ್ತಿರ ಕೊಂಡಳು. ಬೆಲ್ಟು, ಪೆಡಲ್ ಸೇರಿ ಒಂದು ಸಾವಿರಕ್ಕೆ ಸ್ವಲ್ಪ ಕಡಿಮೆ. ಹೊಲಿದ ದುಡ್ಡಿನಲ್ಲಿ ಕೊಟ್ಟಳು. ನಾನು ರೇಟು ಮಾತಾಡಲು ಮುಂದೆ ಹೋದರೆ ನನ್ನನ್ನು ಹಿಂದೆ ಸರಿಸಿದಳು. "ನೀ ಅಲ್ಲೇ ನಿಂದರು. ಕೈ ಕಾಣುವಂಗ ನಿಂದರು," ಅಂದಳು. ರಿಪೇರಿಯವನಿಗೆ ಕೇಳಿದ್ದು ಒಂದೇ ಪ್ರಶ್ನೆ: "ಇದು ಯಾವಾಗ ಕೆಡ್ತೈತ್ರಿ?" ಅವನು ತಬ್ಬಿಬ್ಬಾಗಿ, ಮೋಟಾರಿನ ಒಳಗಿನ ಕಾರ್ಬನ್ ತುಂಡು ಸವೆದಾಗ ಎಂದು ನಿಜ ಹೇಳಿ, ಎರಡು ತುಂಡು ಹೆಚ್ಚಿಗೆ ಕೊಟ್ಟ. ನಾನು ಚೌಕಾಸಿ ಮಾಡಿದ್ದರೆ ಐವತ್ತು ರೂಪಾಯಿ ಇಳಿಯುತ್ತಿತ್ತು, ಕಾರ್ಬನ್ನಿನ ಮಾತು ಬರುತ್ತಿರಲಿಲ್ಲ. ಅವಳ ಮೊಣಕಾಲು ಉಳಿಯಿತು. ಆಮೇಲೆ ಎಷ್ಟೋ ವರ್ಷ ಆ ಮಿಷನ್ನಿನಲ್ಲೇ ಹೊಲಿದಳು.

ಆ ಆಟ ನಿಂತುಹೋಯಿತು. ಆ ದನಿ ಮತ್ತೆ ಯಾವ ಚಾನೆಲ್ಲಿನಲ್ಲೂ ಬರಲಿಲ್ಲ. ನಾವು ಮೂವರು ಕೂಡಿದಾಗ ಅದರದೇ ಮಾತು. ಕಾಕಾ ಮೊನ್ನೆಮೊನ್ನೆಯವರೆಗೂ ಆ ರುಬ್ಬುವ ಯಂತ್ರದ ವರ್ಣನೆಯನ್ನು ಅವನ ದನಿಯಲ್ಲೇ ಒಪ್ಪಿಸಲು ಹೋಗಿ ನಡುವೆ ತಪ್ಪುತ್ತಿದ್ದರು, ಅಕ್ಕ ತಿದ್ದುತ್ತಿದ್ದಳು. "ಬೆಚ್ಚಗ ಅಂದಿಲ್ರಿ ಕಾಕಾ, ಉಗುರು ಬೆಚ್ಚಗ ಅಂದಾನ." ಅಷ್ಟು ಸಣ್ಣ ಶಬ್ದಕ್ಕೂ ಅವರು ಜಗಳ ಆಡುವುದನ್ನು ಕೇಳುತ್ತ, ಒಬ್ಬ ಸಣಕಲು ಮನುಷ್ಯ ಮುಖ ತೋರಿಸದೆ ಎಷ್ಟು ಮನೆಗಳಲ್ಲಿ ಹೀಗೆ ಕೂತಿದ್ದಾನೋ ಎಂದು ನನಗೆ ಬೆರಗಾಗುತ್ತಿತ್ತು.

ಓದುವ ನೀವು ವ್ಯಾಪಾರಿಗಳಾದರೂ ಗಿರಾಕಿಗಳಾದರೂ ಇಷ್ಟನ್ನು ಇಟ್ಟುಕೊಳ್ಳಿ. ಮಾರುವವರಾದರೆ, ಬಳಸಿ ನೋಡದ ಮಾಲನ್ನು ಹೊಗಳಬೇಡಿ. ಒಂದು ದಿನ ಮನೆಗೆ ಒಯ್ದು ತೊಳೆದು ನೋಡಿ, ನಾಲ್ಕು ಮಾತು ತಾವಾಗಿ ಬರುತ್ತವೆ. ಕೊಳ್ಳುವವರಾದರೆ ರೇಟಿಗೆ ಮೊದಲು ಅದು ಯಾವಾಗ ಕೆಡುತ್ತದೆ ಎಂದು ಕೇಳಿ. ಉತ್ತರ ಕೊಡುವವನ ಹತ್ತಿರ ನೂರು ರೂಪಾಯಿ ಹೆಚ್ಚಾದರೂ ಕೊಳ್ಳಿ. ಯಾರಾದರೂ ವಸ್ತುವಿನ ವಿಷಯ ಹೇಳುತ್ತಿದ್ದರೆ ಕೊನೆಯ ಮಾತಿನವರೆಗೂ ಕೇಳಿ, ಅರ್ಧಕ್ಕೇ ಅವನ ಮನಸ್ಸು ಓದಿದೆ ಅಂದುಕೊಳ್ಳಬೇಡಿ. ಎಲ್ಲಕ್ಕಿಂತ ಮುಖ್ಯವಾದದ್ದು: ನಿಮ್ಮ ಮನೆಯವರು ಏನನ್ನಾದರೂ ಆರಿಸಲು ನಿಂತಾಗ, ಆ ಕೆಲಸ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿದ್ದರೆ, ಹಿಂದಿನ ಸಾಲಿನಲ್ಲಿ ಜಾಗ ಹಿಡಿಯಿರಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿರಿ.